ಸೂರಿನಿಂದ ಇಳಿಯುವ ಕುರ್ಚಿ

ಕೇಳುಗರಿಗೆಲ್ಲ ನಮಸ್ಕಾರ.

ಒಂದು ಕೋಣೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ದೊಡ್ಡ ಕೋಣೆ, ಗೋಡೆ ತುಂಬಾ ಚಿತ್ರಗಳು. ನೆಲದ ಮೇಲೆ ಎರಡು ಮೂರು ನಾಯಿ ಮಲಗಿವೆ. ಒಂದು ಕೋತಿ ಅತ್ತಿಂದಿತ್ತ ಓಡಾಡುತ್ತಿದೆ. ಕೂರೋಣ ಅಂತ ಕುರ್ಚಿ ಹುಡುಕಿದರೆ ಒಂದೂ ಕಾಣುವುದಿಲ್ಲ. ತಲೆ ಎತ್ತಿ ನೋಡಿದರೆ ಕುರ್ಚಿಗಳೆಲ್ಲ ಸೂರಿನಲ್ಲಿ ಹಗ್ಗಕ್ಕೆ ನೇತಾಡುತ್ತಿವೆ! ನಮ್ಮ ಬಾವಿ ಸೇದುವ ರಾಟೆ ಇರುತ್ತದಲ್ಲ, ಅದೇ ಥರ ರಾಟೆ, ಹಗ್ಗ. ಬಂದವರು ಮನೆಯ ಒಡತಿಗೆ ಹಿಡಿಸಿದರೆ ಹಗ್ಗ ಸಡಿಲಿಸಿ ಒಂದು ಕುರ್ಚಿ ಕೆಳಗೆ ಇಳಿಸುತ್ತಾರೆ. ಹಿಡಿಸದಿದ್ದರೆ ಕುರ್ಚಿ ಮೇಲೇ ಇರುತ್ತದೆ, ಬಂದವರು ನಿಂತೇ ಮಾತಾಡಿ ಹೋಗಬೇಕು.

ಇದು ನಾನು ಕಟ್ಟಿ ಹೇಳುತ್ತಿರುವ ಕತೆಯಲ್ಲ. ಆ ಮನೆಯ ಒಡತಿಯ ಹೆಸರು ಎಮಿಲಿ ಕಾರ್. ಕೆನಡಾ ದೇಶದ ದೊಡ್ಡ ಚಿತ್ರಕಲಾವಿದೆ. ಹುಟ್ಟಿದ್ದು 1871ರಲ್ಲಿ, ತೀರಿಕೊಂಡಿದ್ದು 1945ರಲ್ಲಿ, ಎರಡೂ ವಿಕ್ಟೋರಿಯಾ ಅನ್ನೋ ಒಂದೇ ಊರಿನಲ್ಲಿ. ಆ ಊರು ಇರುವುದು ವ್ಯಾಂಕೂವರ್ ದ್ವೀಪದ ದಕ್ಷಿಣದ ತುದಿಯಲ್ಲಿ. ಇಲ್ಲಿ ಒಂದು ಮಾತು. ವ್ಯಾಂಕೂವರ್ ಅನ್ನೋ ದೊಡ್ಡ ನಗರ ಈ ದ್ವೀಪದಲ್ಲಿ ಇಲ್ಲ, ಅದು ಸಮುದ್ರ ದಾಟಿ ಆಚೆ ದಡದಲ್ಲಿದೆ, ಹೆಸರು ಮಾತ್ರ ಒಂದೇ. ದ್ವೀಪ ಅಂದ ತಕ್ಷಣ ಚಿಕ್ಕದು ಅಂತಲೂ ಅಂದುಕೊಳ್ಳಬೇಡಿ. ನಮ್ಮ ಹಾಸನ ಜಿಲ್ಲೆಯಂಥ ನಾಲ್ಕು ಜಿಲ್ಲೆ ಅದರೊಳಗೆ ಹಿಡಿಸಿ ಇನ್ನೂ ಜಾಗ ಉಳಿಯುತ್ತದೆ. ಜೋರು ಮಳೆ, ಮುಗಿಲು ಮುಟ್ಟುವ ಮರಗಳು, ಕಾಡಿನೊಳಗೆ ಹಗಲಲ್ಲೂ ಕತ್ತಲೆ. ನಾನು ಟ್ರೈನಿಂಗ್‌ನಲ್ಲಿದ್ದಾಗ ಒಂದು ಪುಸ್ತಕದಲ್ಲಿ ಅವರ ಕಾಡಿನ ಚಿತ್ರ ಮೊದಲ ಸಲ ನೋಡಿದೆ. ನನಗೆ ನೆನಪಾಗಿದ್ದು ಬಿಸಿಲೆ. ಬಿಸಿಲೆ ಘಾಟಿಯಲ್ಲಿ ಮಳೆಗಾಲದಲ್ಲಿ ನಿಂತವರಿಗೆ ಗೊತ್ತು, ಅಲ್ಲಿ ಹಸಿರು ಬಣ್ಣ ಸುಮ್ನೆ ಇರುವುದಿಲ್ಲ, ಮಿಸುಕುತ್ತಾ ಇರುತ್ತದೆ. ಎಮಿಲಿ ಆ ಮಿಸುಕಾಟವನ್ನೇ ಬರೆದಿದ್ದರು.

ನಾನು ಆಲೂರು ತಾಲ್ಲೂಕಿನ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಅವರ ಚಿತ್ರಗಳ ಬಗ್ಗೆ ದೊಡ್ಡ ದೊಡ್ಡವರು ಬರೆದಿದ್ದಾರೆ. ನಾನು ಹೇಳಬೇಕು ಅಂತ ಬಂದಿರೋದು ಬೇರೆ. ಅವರು ಪ್ರಾಣಿಗಳ ಜೊತೆ ಹೇಗಿದ್ದರು, ತಮ್ಮ ಊರಿನ ಜೊತೆ ಹೇಗಿದ್ದರು ಅನ್ನೋದು. ನನ್ನ ಪ್ರಕಾರ ಅವೆರಡೂ ಅವರ ಚಿತ್ರಕಲೆಗೆ ಆಚೆಯ ಸಂಗತಿಗಳಲ್ಲ. ಯಾರಿಗೆ ಕುರ್ಚಿ ಇಳಿಸಬೇಕು ಅನ್ನೋ ಒಂದೇ ಪ್ರಶ್ನೆ ಅವರ ಬದುಕಿನ ಉದ್ದಕ್ಕೂ ಇತ್ತು.

ಶುರುವಾಗಿದ್ದು ಕೊಟ್ಟಿಗೆಯಲ್ಲಿ. ಚಿಕ್ಕ ವಯಸ್ಸಿಗೇ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಹುಡುಗಿ, ಹಟ ಹಿಡಿದು ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋಗೆ ಹೋಗಿ ಚಿತ್ರ ಕಲಿತು 1893ರಲ್ಲಿ ಮನೆಗೆ ವಾಪಸ್ ಬಂದರು. ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಲು ಜಾಗವಿರಲಿಲ್ಲ. ದನದ ಕೊಟ್ಟಿಗೆಯ ಅಟ್ಟವನ್ನೇ ಗುಡಿಸಿ, ಕಿಟಕಿ ಮಾಡಿಸಿ, ಅಲ್ಲೇ ಕ್ಲಾಸು ಶುರು ಮಾಡಿದರು. ಕೆಳಗೆ ಹಸು, ಮೇಲೆ ಮಕ್ಕಳು. ಹತ್ತಿರದ ಪಾರ್ಕಿನಿಂದ ಒಂದು ನವಿಲು ಬಂದು ಸೂರಿನ ಮೇಲೆ ಕೂತು, ಕಿಟಕಿ ಗಾಜಿನಲ್ಲಿ ತನ್ನನ್ನೇ ನೋಡಿಕೊಂಡು ಗರಿ ಬಿಚ್ಚುತ್ತಿತ್ತಂತೆ. ಇಂಥ ಕ್ಲಾಸಿನಲ್ಲಿ ಯಾವ ಮಗು ತಾನೇ ಚಿತ್ರ ಬರೆಯುವುದಿಲ್ಲ ಅನ್ನುತ್ತದೆ ಹೇಳಿ? ಆ ಮಕ್ಕಳು ಕೊಟ್ಟ ಫೀಸಿನಲ್ಲಿ ಉಳಿಸಿದ ದುಡ್ಡಿನಿಂದಲೇ ಅವರು 1899ರಲ್ಲಿ ಇಂಗ್ಲೆಂಡಿಗೆ ಓದಲು ಹೋದರು.

ಇಂಗ್ಲೆಂಡ್ ಅವರಿಗೆ ಒಗ್ಗಲಿಲ್ಲ. ಆರೋಗ್ಯ ಕೆಟ್ಟು ಒಂದೂವರೆ ವರ್ಷದಷ್ಟು ಕಾಲ ಆಸ್ಪತ್ರೆಯಂಥ ಒಂದು ಜಾಗದಲ್ಲಿ ಹಾಸಿಗೆ ಹಿಡಿದರು. ಅಲ್ಲಿದ್ದಾಗ ಗೂಡಿನಿಂದ ಹಾಡುಹಕ್ಕಿಯ ಮರಿಗಳನ್ನು ತಂದು, ಕೈಯಲ್ಲೇ ತುತ್ತು ಕೊಟ್ಟು ಬೆಳೆಸಿದರು. ಊರಿಗೆ ಹೋಗುವಾಗ ಅವನ್ನೂ ಕರೆದುಕೊಂಡು ಹೋಗಬೇಕು, ಕೆನಡಾದ ಕಾಡಿನಲ್ಲಿ ಅವು ಹಾಡಬೇಕು ಅಂತ ಆಸೆ. ಆಗಲಿಲ್ಲ. ಅವರ ಚಿಕಿತ್ಸೆ ಕಠಿಣವಾಯಿತು, ಮರಿಗಳನ್ನು ನೋಡಿಕೊಳ್ಳುವ ಶಕ್ತಿ ಉಳಿಯಲಿಲ್ಲ, ಕೈತುತ್ತಿಗೆ ಒಗ್ಗಿದ ಹಕ್ಕಿಗಳು ಹೊರಗೆ ಬದುಕುವುದಿಲ್ಲ. ಕೊನೆಗೆ ಡಾಕ್ಟರಿಗೆ ಹೇಳಿ ಅವಕ್ಕೆ ನೋವಿಲ್ಲದ ಸಾವು ಕೊಡಿಸಿದರು. ಈ ಭಾಗ ಓದಿದ ದಿನ ನನಗೆ ಊಟ ಸೇರಲಿಲ್ಲ. ಪ್ರಾಣಿ ಪ್ರೀತಿ ಅಂದರೆ ಬರೀ ಮುದ್ದು ಮಾಡುವುದು ಅಂತ ನಾವು ತಿಳಿದಿರುತ್ತೇವೆ. ಗೂಡಿನಿಂದ ಮರಿ ಎತ್ತಿದ ದಿನವೇ ಅದರ ಕೊನೆಯ ಭಾರವೂ ನಮ್ಮ ಮೇಲೆ ಬೀಳುತ್ತದೆ. ಅದು ಅವರಿಗೆ ಅಲ್ಲಿ ಗೊತ್ತಾಯಿತು ಅನ್ನಿಸುತ್ತದೆ.

ವಾಪಸ್ ಬಂದು ವ್ಯಾಂಕೂವರ್ ನಗರದಲ್ಲಿ ಪಾಠ ಹೇಳಲು ನಿಂತರು. ಮೊದಲು ಶ್ರೀಮಂತ ಹೆಂಗಸರ ಒಂದು ಕಲಾ ಸಂಘದಲ್ಲಿ. ಅಲ್ಲಿ ಒಂದು ತಿಂಗಳೂ ಸರಿಯಾಗಿ ನಡೆಯಲಿಲ್ಲ. ಇವರ ಮಾತು ಒರಟು, ಅವರಿಗೆ ಕಲಿಯುವುದಕ್ಕಿಂತ ಟೀ ಕುಡಿಯುವ ಆಸೆ ಜಾಸ್ತಿ. ಬೇಡ ಅಂದುಬಿಟ್ಟರು. ಆದರೆ ಮಕ್ಕಳು ಮಾತ್ರ ಮುಗಿಬಿದ್ದರು. ಕಾರಣ ಗೊತ್ತೇ ಇದೆ. ಕ್ಲಾಸಿನಲ್ಲಿ ಗಿಳಿ, ಕಾಕಟೂ, ಅಳಿಲು, ಜೊತೆಗೆ ಬಿಲ್ಲಿ ಅನ್ನೋ ದೊಡ್ಡ ಜೂಲು ನಾಯಿ. ಮಕ್ಕಳು ನೋಡಿ ಬರೆಯುವುದಕ್ಕೆ ಅವೇ ಮಾಡೆಲ್‌ಗಳು. ನಾವು ಈಗಲೂ ಬೋರ್ಡಿನ ಮೇಲೆ ಹೂಜಿ ಬರೆದು ಇದನ್ನು ನೋಡಿ ಬರೆಯಿರಿ ಅನ್ನುತ್ತೇವೆ. ನೂರು ವರ್ಷದ ಹಿಂದೆ ಒಬ್ಬ ಟೀಚರ್ ಮಕ್ಕಳ ಕೈಗೆ ಮಡಿಸುವ ಸ್ಟೂಲು ಕೊಟ್ಟು ಹಡಗುಕಟ್ಟೆಗೆ, ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದರು.

ಅದೇ ಊರಿನಲ್ಲಿ ಒಂದು ದಿನ ಬಾಗಿಲು ಬಡಿದ ಸದ್ದಾಯಿತು. ಬುಟ್ಟಿ ಮಾರುವ ಹೆಂಗಸು. ಸೋಫಿ ಫ್ರಾಂಕ್ ಅಂತ, ಅಲ್ಲಿನ ಮೂಲನಿವಾಸಿ ಸ್ಕ್ವಾಮಿಶ್ ಜನ. ನಮ್ಮ ಮೇದರ ಹೆಂಗಸರು ಮಂಕರಿ, ಮೊರ ಹೊತ್ತು ಮನೆ ಮನೆಗೆ ಬರುತ್ತಿದ್ದರಲ್ಲ, ಹಾಗೆಯೇ. ಬೆನ್ನ ಮೇಲೆ ಮಗು, ಜೊತೆಗೆ ಇನ್ನೆರಡು ಮಕ್ಕಳು. ಎಮಿಲಿ ಹತ್ತಿರ ಆ ಹೊತ್ತಿಗೆ ಕಾಸಿರಲಿಲ್ಲ. ಬುಟ್ಟಿಗೆ ಬದಲು ಬಟ್ಟೆ ಕೊಡುತ್ತೇನೆ ಅಂದರು. ಅಲ್ಲಿಂದ ಶುರುವಾದ ಗೆಳೆತನ ಮೂವತ್ತು ವರ್ಷಕ್ಕೂ ಮೀರಿ ನಡೆಯಿತು. ಸೋಫಿ ಒಂದಾದ ಮೇಲೊಂದು ಮಕ್ಕಳನ್ನು ಮಣ್ಣಿಗೆ ಕೊಟ್ಟ ತಾಯಿ. ಎಮಿಲಿ ಆ ಮನೆಗೆ ಹೋಗಿ ಕೂತು, ಸ್ಮಶಾನದ ತನಕ ಜೊತೆಗೆ ಹೋಗಿ ಬರುತ್ತಿದ್ದರು. ಬಿಳಿಯರ ಹೆಂಗಸೊಬ್ಬಳು ಹಾಗೆ ಹೋಗಿ ಕೂರುವುದು ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ.

ಮೂಲನಿವಾಸಿಗಳ ಊರುಗಳಿಗೆ ದೋಣಿಯಲ್ಲಿ, ಹಡಗಿನಲ್ಲಿ ಹೋಗಿ ಅವರ ಕೆತ್ತನೆಯ ಮರದ ಕಂಬಗಳನ್ನೂ ಚಿತ್ರಿಸಿದರು. ಕಾಗೆಯ ಜಾತಿಯ ದೊಡ್ಡ ಹಕ್ಕಿ, ಕರಡಿ, ಹದ್ದು, ತಿಮಿಂಗಿಲ, ಎಲ್ಲ ಆ ಕಂಬಗಳಲ್ಲಿರುತ್ತವೆ. ಒಂದೊಂದು ಪ್ರಾಣಿ ಒಂದೊಂದು ಕುಲದ ಗುರುತು. ನಮ್ಮ ಮಕ್ಕಳಿಗೆ ಇದನ್ನು ಹೇಳಿದರೆ ತಕ್ಷಣ ಅರ್ಥವಾಗುತ್ತದೆ, ಯಾಕಂದರೆ ಹಳೇಬೀಡಿಗೆ ಟೂರ್ ಹೋಗಿ ಬಂದಿರುತ್ತಾರೆ. ಗುಡಿಯ ಗೋಡೆಯಲ್ಲಿ ಕೆಳಗಿನ ಸಾಲು ಆನೆ, ಅದರ ಮೇಲೆ ಸಿಂಹ, ಮೇಲೆ ಹೋದಂತೆ ಕುದುರೆ, ಮಕರ, ಹಂಸ. ಅಲ್ಲಿ ಮರದಲ್ಲಿ, ಇಲ್ಲಿ ಬಳಪದ ಕಲ್ಲಿನಲ್ಲಿ. 1913ರಲ್ಲಿ ಎಮಿಲಿ ತಾವೇ ಒಂದು ಹಾಲ್ ಬಾಡಿಗೆಗೆ ಹಿಡಿದು, ಇಂಥ 200ರಷ್ಟು ಚಿತ್ರಗಳನ್ನು ಜನಕ್ಕೆ ತೋರಿಸಿದರು. ಕಂಬಗಳ ಬಗ್ಗೆ ಭಾಷಣವನ್ನೂ ಮಾಡಿದರು. ಸರ್ಕಾರ ಇವನ್ನು ಕೊಂಡು ಇಡಲಿ ಅನ್ನೋದು ಅವರ ಆಸೆ. ಸರ್ಕಾರ ಕೊಳ್ಳಲಿಲ್ಲ.

ಅದೇ ವರ್ಷ ವಿಕ್ಟೋರಿಯಾದಲ್ಲಿ, ತಂದೆಯಿಂದ ಬಂದ ಜಾಗದಲ್ಲಿ ಬಾಡಿಗೆ ಮನೆ ಕಟ್ಟಿಸಿದರು. ಬಾಡಿಗೆ ದುಡ್ಡಲ್ಲಿ ನೆಮ್ಮದಿಯಾಗಿ ಚಿತ್ರ ಬರೆಯಬಹುದು ಅಂತ ಲೆಕ್ಕ. ಲೆಕ್ಕ ತಪ್ಪಿತು. ಮಹಾಯುದ್ಧ ಬಂತು, ಬಾಡಿಗೆ ಇಳಿಯಿತು, ಆಳು ಇಡಲು ಆಗಲಿಲ್ಲ. ಅಡುಗೆ, ನೆಲ ಒರೆಸುವುದು, ಕಲ್ಲಿದ್ದಲು ಒಲೆಗೆ ತುಂಬುವುದು, ಎಲ್ಲ ಒಬ್ಬರೇ. ಹದಿನೈದು ವರ್ಷ ಹತ್ತಿರ ಹತ್ತಿರ ಕುಂಚ ಕೈಗೆ ಸಿಕ್ಕಿದ್ದೇ ಕಡಿಮೆ. ಮನೆ ಕೆಲಸದಲ್ಲಿ ಕಳೆದುಹೋಗುವ ಹೆಂಗಸರು ಅಂದರೆ ಬರೀ ನಮ್ಮಲ್ಲಿ ಅಂದುಕೊಂಡಿದ್ದೆ ನಾನು.

ಸಂಸಾರ ನಡೆಸಲು ಕೋಳಿ ಸಾಕಿದರು, ಮೊಲ ಸಾಕಿದರು. ಮಡಕೆ ಮಾಡಿ ಟೂರಿಸ್ಟರಿಗೆ ಮಾರಿದರು. ಸಮುದ್ರದ ದಂಡೆಯಿಂದ ಜೇಡಿಮಣ್ಣು ಅಗೆದು, ಮಗು ಕೂರಿಸಿ ತಳ್ಳುವ ಹಳೇ ಗಾಡಿಯಲ್ಲಿ ತುಂಬಿಕೊಂಡು ಬರುತ್ತಿದ್ದರು. ಆ ಮಡಕೆಗಳ ಮೇಲೆ ಮೂಲನಿವಾಸಿಗಳ ಚಿತ್ತಾರ ಬರೆದರೆ ಬೇಗ ಮಾರಾಟ. ಹಾಗೆ ಬರೆದದ್ದಕ್ಕೆ ತಮ್ಮ ಮೇಲೆ ತಮಗೇ ಬೇಸರವಾಗಿತ್ತು ಅಂತ ಆಮೇಲೆ ಅವರೇ ಬರೆದುಕೊಂಡಿದ್ದಾರೆ. ಬೇರೆಯವರ ಕುಲದ ಗುರುತನ್ನು ಹೊಟ್ಟೆಪಾಡಿಗೆ ಮಾರಿದೆ ಅನ್ನೋ ನೋವು. ಆ ಪ್ರಶ್ನೆ ಇವತ್ತಿಗೂ ಅಲ್ಲಿ ಚರ್ಚೆಯಾಗುತ್ತದೆ, ಆಗಲೇಬೇಕು.

ಇನ್ನು ನಾಯಿಗಳು. ಬಾಬ್‌ಟೇಲ್ ಅನ್ನೋ ಜಾತಿ. ಕುರಿ ಕಾಯುವ ನಾಯಿ, ಮೈತುಂಬಾ ಕೂದಲು, ಬಾಲ ಮಾತ್ರ ಮೊಂಡು. ಹೆಸರಿನ ಅರ್ಥವೂ ಅದೇ, ಮೊಂಡುಬಾಲ. ಮಕ್ಕಳಿಗೆ ಈ ಮಾತು ಹೇಳಿದಾಗ ಒಂದು ಪಿರಿಯಡ್ ಪೂರ್ತಿ ನಕ್ಕಿದ್ದರು. ಎಮಿಲಿ ಮನೆಯ ಹಿತ್ತಲಲ್ಲಿ ಈ ನಾಯಿಗಳ ಮರಿಗಳನ್ನು ನೂರಾರು ಸಂಖ್ಯೆಯಲ್ಲಿ ಬೆಳೆಸಿ ಮಾರಿದರು. ಡಿಸ್ಟೆಂಪರ್ ರೋಗ ಬಂದು ಮರಿಗಳು ಬಿದ್ದಾಗ ಒಂದೊಂದನ್ನೂ ಆರೈಕೆ ಮಾಡಿದರು. ಎಷ್ಟೋ ಉಳಿಯಲಿಲ್ಲ. ಈ ರೋಗ ನಮ್ಮ ಬೀದಿಗಳಲ್ಲೂ ಇದೆ. ನಮ್ಮ ಶಾಲೆಯ ಅಂಗಳದಲ್ಲಿ ಬಿಸಿಯೂಟ ಮಿಕ್ಕಿದ್ದು ತಿಂದು ಬೆಳೆದ ಕರಿಯ ಅನ್ನೋ ನಾಯಿ ಇತ್ತು. ಅದು ಹಾಕಿಸಿಕೊಂಡ ಇಂಜೆಕ್ಷನ್ ಬರೀ ಹುಚ್ಚಿನದು, ಇದರದಲ್ಲ. ಕಣ್ಣಲ್ಲಿ ಮೂಗಲ್ಲಿ ನೀರು ಸೋರಿ, ಕಾಲು ಅದುರಿ, ನಾಲ್ಕು ದಿನದಲ್ಲಿ ಹೋಯಿತು. ಡಿಸ್ಟೆಂಪರ್‌ಗೂ ಲಸಿಕೆ ಇದೆ. ಮನೆಯಲ್ಲಿ ಮರಿ ತಂದವರು ದಯವಿಟ್ಟು ಎರಡನ್ನೂ ಹಾಕಿಸಿ, ಪಶು ಆಸ್ಪತ್ರೆಯಲ್ಲಿ ಕೇಳಿದರೆ ಹೇಳುತ್ತಾರೆ.

ಕೋತಿಯ ಹೆಸರು ವೂ. ಅಂಗಡಿಯ ಪಂಜರದಲ್ಲಿದ್ದ ಹೆಣ್ಣು ಕೋತಿಯನ್ನು ನೋಡಿ ತಡೆಯಲಾರದೆ ಮನೆಗೆ ತಂದರು. ಅದಕ್ಕೆ ಚಳಿಗೆ ಅಂತ ಫ್ರಾಕು ಹೊಲಿದು ಹಾಕಿದರು. ಅದೇ ತಳ್ಳುವ ಗಾಡಿಯಲ್ಲಿ ಸಾಮಾನು ತರಲು ಪೇಟೆಗೆ ಹೊರಟರೆ ಜೊತೆಗೆ ವೂ, ಸುತ್ತ ನಾಯಿಗಳು. ಊರು ಇವರನ್ನು ತಲೆ ಕೆಟ್ಟವಳು ಅಂತ ನೋಡಿತು. ನಮ್ಮೂರಲ್ಲೂ ಅಷ್ಟೇ ಅಲ್ವಾ? ಬೀದಿ ನಾಯಿಗೆ ಅನ್ನ ಹಾಕುವ ಹೆಂಗಸಿಗೆ ಏನೇನು ಹೆಸರಿಟ್ಟಿದ್ದೇವೆ, ನೆನೆಸಿಕೊಳ್ಳಿ. ಆದರೆ ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ, ಯಾಕಂದರೆ ಮಕ್ಕಳೂ ಕೇಳುತ್ತಿರಬಹುದು. ಕೋತಿ ಕಾಡಿನ ಜೀವ, ಗುಂಪಿನ ಜೀವ. ಅದನ್ನು ಮನೆಯಲ್ಲಿ ಸಾಕಬಾರದು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ನಮ್ಮ ಹಸಿರು ಗಿಳಿಯನ್ನು ಪಂಜರದಲ್ಲಿ ಇಡುವುದೂ ತಪ್ಪು. ಎಮಿಲಿಯ ಪ್ರೀತಿ ನನಗೆ ಇಷ್ಟ, ಅದೊಂದನ್ನು ಮಾತ್ರ ಅನುಸರಿಸಬೇಡಿ.

1927ರಲ್ಲಿ, ಅವರಿಗೆ ಐವತ್ತೈದು ದಾಟಿದ ಮೇಲೆ, ರಾಜಧಾನಿ ಒಟ್ಟಾವಾದ ದೊಡ್ಡ ಪ್ರದರ್ಶನಕ್ಕೆ ಅವರ ಚಿತ್ರಗಳನ್ನು ಕರೆಸಿಕೊಂಡರು. ಆಗ ದೇಶಕ್ಕೆ ಗೊತ್ತಾಯಿತು, ದ್ವೀಪದ ಮೂಲೆಯಲ್ಲಿ ಇಂಥವರು ಒಬ್ಬರಿದ್ದಾರೆ ಅಂತ. ಹೆಸರು ಬಂತು. ಹೆಸರು ಬಂದ ಮೇಲೆ ಅವರು ಮಾಡಲು ಹೊರಟ ಕೆಲಸವೇ ನನಗೆ ಎಲ್ಲಕ್ಕಿಂತ ದೊಡ್ಡದು.

1932ರ ಕೊನೆ. ಇಡೀ ಜಗತ್ತಿಗೆ ದುಡ್ಡಿನ ಬರ ಬಂದಿದ್ದ ಕಾಲ. ಅವರ ಮನೆ ಇದ್ದದ್ದು ಬೀಕನ್ ಹಿಲ್ ಅನ್ನೋ ಪಾರ್ಕಿನ ಹತ್ತಿರ. ಚಳಿಗಾಲದ ಭಾನುವಾರಗಳಲ್ಲಿ ಕೆಲಸವಿಲ್ಲದವರು, ಬಡವರು, ಸುಮ್ನೆ ಹೊತ್ತು ಕಳೆಯಲು ಪಾರ್ಕಿಗೆ ಬರುತ್ತಾರೆ. ಅಂಥವರು ಒಳಗೆ ಬಂದು ಬೆಚ್ಚಗೆ ಚಿತ್ರ ನೋಡುವ ಹಾಗಿರಬೇಕು ಅಂತ ತಮ್ಮ ಮನೆಯ ಕೆಳಗಿನ ಕೋಣೆಗಳನ್ನೇ ಗ್ಯಾಲರಿ ಮಾಡಲು ಹೊರಟರು. ಜನರ ಗ್ಯಾಲರಿ ಅಂತಲೇ ಹೆಸರು. ಎಲ್ಲ ವರ್ಗದವರಿಗೂ, ಎಲ್ಲ ದೇಶದವರಿಗೂ, ಎಲ್ಲ ಬಣ್ಣದವರಿಗೂ ಅನ್ನೋದು ಅವರ ಮಾತು. ಆ ಊರಿನ ಕಲಾ ಸಂಘಗಳು ಉಳ್ಳವರ ಕೂಟವಾಗಿದ್ದಾಗ ಹೇಳಿದ ಮಾತು ಅದು. ಮನುಷ್ಯರನ್ನು ಕಂಡರೆ ಕುರ್ಚಿ ಮೇಲೆಳೆಯುತ್ತಿದ್ದ ಅದೇ ಹೆಂಗಸು ಎಲ್ಲ ಕುರ್ಚಿಗಳನ್ನೂ ಒಟ್ಟಿಗೆ ಇಳಿಸಲು ಸಿದ್ಧವಾಗಿದ್ದರು. ಅವರಿವರನ್ನು ಕೇಳಿದರು, ಸಭೆ ಸೇರಿಸಿದರು, ಚಿತ್ರ ತೂಗುಹಾಕಿ ತೋರಿಸಿದರು. ಎಲ್ಲರೂ ಚೆನ್ನಾಗಿದೆ ಅಂದರು, ದುಡ್ಡು ಯಾರೂ ಕೊಡಲಿಲ್ಲ. ಗ್ಯಾಲರಿ ನಿಲ್ಲಲಿಲ್ಲ.

ಮರುವರ್ಷ, 1933ರಲ್ಲಿ, ಒಂದು ಹಳೇ ವ್ಯಾನು ಕೊಂಡರು. ಎಂಜಿನ್ ಇಲ್ಲದ್ದು, ಯಾರಾದರೂ ಎಳೆದುಕೊಂಡು ಹೋಗಿ ಕಾಡಿನ ಅಂಚಿಗೆ ಬಿಡಬೇಕು. ಅದಕ್ಕೆ ಅವರಿಟ್ಟ ಹೆಸರು ಆನೆ! ಬೇಸಿಗೆಯಲ್ಲಿ ಆ ಆನೆಯೊಳಗೆ ಎಮಿಲಿ, ವೂ, ನಾಯಿಗಳು, ಸೂಸಿ ಅನ್ನೋ ಬಿಳಿ ಇಲಿ, ಎಲ್ಲ ಒಟ್ಟಿಗೆ ಸಂಸಾರ. ಅವರ ಬಹಳ ಒಳ್ಳೆಯ ಚಿತ್ರಗಳಲ್ಲಿ ಎಷ್ಟೋ ಅಲ್ಲಿ ಹುಟ್ಟಿದವು. 1935ರ ಒಂದು ಚಿತ್ರದಲ್ಲಿ ಸುತ್ತಲಿನ ಮರಗಳನ್ನೆಲ್ಲ ಕಡಿದಿದ್ದಾರೆ, ಸೊರಗಿದ ಒಂದೇ ಒಂದು ಮರ ನಿಂತಿದೆ. ಮರಮುಟ್ಟಿಗೆ ಬಾರದ್ದು ಅಂತ ಬಿಟ್ಟಿದ್ದಾರೆ. ಆಕಾಶ ಪೂರ್ತಿ ಆ ಮರದ ಸುತ್ತಲೇ ಸುತ್ತುತ್ತಿದೆ.

1937ರಲ್ಲಿ ಹೃದಯಾಘಾತವಾಯಿತು. ಪ್ರಾಣಿಗಳನ್ನು ನೋಡಿಕೊಳ್ಳಲು ಆಗುವುದಿಲ್ಲ ಅಂತಾಯಿತು. ವೂ ವ್ಯಾಂಕೂವರ್‌ನ ಮೃಗಾಲಯಕ್ಕೆ ಹೋಯಿತು. ಮತ್ತೆ ಆ ಹಳೇ ಲೆಕ್ಕವೇ, ಎತ್ತಿಕೊಂಡ ದಿನದ ಭಾರ. ಅವರು ಹಾಸಿಗೆಯಲ್ಲೇ ಕೂತು ಬರೆಯಲು ಶುರು ಮಾಡಿದರು. 1941ರಲ್ಲಿ ಬಂದ ಮೊದಲ ಪುಸ್ತಕಕ್ಕೇ ಆ ದೇಶದ ದೊಡ್ಡ ಪ್ರಶಸ್ತಿಯಾದ ಗವರ್ನರ್ ಜನರಲ್ ಪ್ರಶಸ್ತಿ ಬಂತು. ಅದನ್ನು ಅರ್ಪಿಸಿದ್ದು ಬುಟ್ಟಿ ಮಾರುತ್ತಿದ್ದ ಸೋಫಿಗೆ. ಚಿತ್ರಗಳನ್ನು ಜನರಿಗೆ ಬಿಟ್ಟುಹೋದರು, ಬಡ ಕಲಾ ವಿದ್ಯಾರ್ಥಿಗಳ ಓದಿಗೂ ದಾರಿ ಮಾಡಿದರು. ಈಗ ವಿಕ್ಟೋರಿಯಾದಲ್ಲಿ ಅವರ ಕಂಚಿನ ಪ್ರತಿಮೆ ಇದೆ. ಪಕ್ಕದಲ್ಲಿ ಬಿಲ್ಲಿ, ಹೆಗಲ ಮೇಲೆ ವೂ.

ಈಗ ನಮ್ಮೂರಿಗೆ ಬರುತ್ತೇನೆ. ಆಲೂರು, ಸಕಲೇಶಪುರ, ಬೇಲೂರು ಕಡೆಯವರಿಗೆ ಆನೆ ಅಂದರೆ ವ್ಯಾನಲ್ಲ. ಮೊಬೈಲಿಗೆ ಮೆಸೇಜ್ ಬರುತ್ತದೆ, ಇಂಥ ಎಸ್ಟೇಟಿನಲ್ಲಿ ಆನೆ ಇದೆ, ಓಡಾಡಬೇಡಿ ಅಂತ. 2014ರಲ್ಲಿ ನಮ್ಮ ಕಡೆಯಿಂದ 22 ಆನೆಗಳನ್ನು ಹಿಡಿದು ಸಾಗಿಸಿದ್ದರು. ಆಮೇಲೂ ಆನೆಗಳು ಬಂದವು. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಹತ್ತಿರ ಕಾಡಾನೆ ಹಿಡಿಯಲು ಹೋದ ಅರ್ಜುನ ಸತ್ತ. ಎಂಟು ವರ್ಷ ದಸರಾ ಅಂಬಾರಿ ಹೊತ್ತವನು. ಮಾರನೇ ದಿನ ಕ್ಲಾಸಿಗೆ ಹೋದರೆ ನಾನು ಏನೂ ಹೇಳಿರಲಿಲ್ಲ, ಮಕ್ಕಳೆಲ್ಲ ಆನೆಯನ್ನೇ ಬರೆಯುತ್ತಿದ್ದರು.

ಆ ಚಿತ್ರಗಳನ್ನು ಎತ್ತಿಟ್ಟಿದ್ದೆ. ವರ್ಷವಿಡೀ ಇನ್ನಷ್ಟು ಸೇರಿದವು. ಊರವರಿಗೆ ತೋರಿಸೋಣ ಅಂತ ಪೇಟೆಯಲ್ಲಿ ಒಂದು ಹಾಲ್ ಕೇಳಿದೆ. ಮಕ್ಕಳ ಚಿತ್ರ ನೋಡಲು ಯಾರು ಬರುತ್ತಾರೆ ಮೇಡಂ, ಅಂದರು. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಮನೆಗೆ ಬಂದಾಗ ಎಮಿಲಿಯ ಗ್ಯಾಲರಿ ನೆನಪಾಯಿತು. ಸಂತೆಯ ದಿನ ನೋಡಿ, ಶಾಲೆಯ ಕಾಂಪೌಂಡಿನ ಉದ್ದಕ್ಕೂ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಚಿತ್ರಗಳನ್ನು ಸಿಕ್ಕಿಸಿದೆವು. ಸಂತೆಗೆ ಹೋಗುವವರು ಚೀಲ ಹಿಡಿದುಕೊಂಡೇ ನಿಂತರು. ಹೆಂಗಸರು ತಮ್ಮ ಮಕ್ಕಳ ಹೆಸರು ಹುಡುಕಿದರು. ಸೊಪ್ಪು ಮಾರುವ ಅಮ್ಮ ಒಬ್ಬರು ಬುಟ್ಟಿ ಇಳಿಸಿ ಒಂದು ಸುತ್ತು ಪೂರ್ತಿ ನೋಡಿ ಹೋದರು.

ಮಧ್ಯಾಹ್ನದ ಹೊತ್ತಿಗೆ ಒಬ್ಬರು ವಯಸ್ಸಾದ ಗೌಡರು ಬಂದರು. ಅವರ ಗದ್ದೆ ಎರಡು ವರ್ಷ ಸತತ ಆನೆಯ ಕಾಲಿಗೆ ಸಿಕ್ಕಿದೆ, ಅದು ನನಗೆ ಗೊತ್ತು. ಆನೆ ಚಿತ್ರ ನೋಡಿ ಸಿಟ್ಟು ಮಾಡುತ್ತಾರೇನೋ ಅಂತ ನನಗೆ ಅಳುಕು. ಅವರು ಕೋಲೂರಿಕೊಂಡು ಒಂದು ಚಿತ್ರದ ಮುಂದೆ ನಿಂತವರು ಕದಲಲೇ ಇಲ್ಲ. ಒಂಬತ್ತನೇ ಕ್ಲಾಸಿನ ಹುಡುಗ ಬರೆದದ್ದು, ರಾತ್ರಿ ಗದ್ದೆ ಬದುವಿನ ಮೇಲೆ ಹೋಗುತ್ತಿರುವ ಆನೆಯ ಬೆನ್ನು. ಹುಡುಗ ಒಳಗೆ ಓಡಿ ಸ್ಟಾಫ್ ರೂಮಿನಿಂದ ನನ್ನ ಕುರ್ಚಿ ಎತ್ತಿಕೊಂಡು ಬಂದ. "ಕೂತ್ಕೊಂಡು ನೋಡಿ ತಾತ" ಅಂದ.

ಅವರು ಕೂತರು. ಚಿತ್ರದ ಹತ್ತಿರ ಮುಖ ತಂದು ಬೆರಳಿಟ್ಟು ತೋರಿಸಿದರು.

"ಬಾಲ ಮೊಂಡು ಬರ್ದಿದ್ದೀಯಲ್ಲ ಮಗ, ಬೇಕೂಂತ ಬರ್ದ್ಯಾ?"

"ಹೂಂ ತಾತ. ಅದಿರೋದೇ ಹಂಗೆ."

"ಇದೇ ಕಣೋ ನಮ್ಮ ಗದ್ದೆಗೂ ಬರೋದು" ಅಂದರು ಗೌಡರು.

ಇಬ್ಬರೂ ಆಮೇಲೆ ತುಂಬಾ ಹೊತ್ತು ಆ ಆನೆಯ ಬಗ್ಗೆಯೇ ಮಾತಾಡಿದರು. ಅದು ಯಾವ ಕಡೆಯಿಂದ ಇಳಿಯುತ್ತದೆ, ಜೊತೆಗೆ ಮರಿ ಇದೆಯಾ, ಹಿಂದಿನ ಎಡಗಾಲು ಸ್ವಲ್ಪ ಎಳೆಯುತ್ತದಾ ಅಂತೆಲ್ಲ. ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ.

ನಮಸ್ಕಾರ.